ಬನ್ನಿಗಿಡದಿಂದ ಹಳ್ಳದ ತನಕ

ನಮ್ಮ ಕಡೆ ಹಳ್ಳಿಯಲ್ಲಿ ವಯಸ್ಸಾದ ಗಂಡಸು ಓಡಿದನೆಂದರೆ ಏನೋ ಕೆಟ್ಟದ್ದಾಗಿದೆ ಎಂದೇ ಲೆಕ್ಕ. ಬಣವಿಗೆ ಬೆಂಕಿ ಬಿದ್ದಿರಬೇಕು, ಯಾರಿಗೋ ಹಾವು ಮುಟ್ಟಿರಬೇಕು, ಇಲ್ಲವೇ ಯಾರೋ ಹೋಗಿರಬೇಕು. ಸುಮ್ಮನೆ ಓಡುವುದು ಪೊಲೀಸ್ ಭರ್ತಿಗೆ ತಯಾರಿ ಮಾಡುವ ಹುಡುಗರ ಕೆಲಸ. ಅರವತ್ತು ದಾಟಿದ ನಾನು ಬೂಟು ಕಟ್ಟಿಕೊಂಡು ಓಡಲು ಶುರು ಮಾಡಿದಾಗ ಊರಿಗೆ ಅದು ಜೀರ್ಣವಾಗಲಿಲ್ಲ. ಅರವತ್ತಕ್ಕೆ ಅರಳುಮರಳು ಅಂದರು. ಹೆಂಡತಿ ಸತ್ತ ಮೇಲೆ ತಲೆ ಕೆಟ್ಟಿದೆ ಅಂದರು. ಗುಡಿ ಕಟ್ಟೆಯ ಮೇಲೆ ಕೂತವರೊಬ್ಬರು, ಬಸ್ಸು ಸಿಗಲಿಲ್ಲೇನು ಅಂತ ಕೂಗಿ ಕೇಳಿ ನಕ್ಕರು. ಊರಿಗೊಂದು ದಾರಿಯಾದರೆ ಪೋರನಿಗೊಂದು ದಾರಿ ಅಂತಾರಲ್ಲ, ಹಾಗೆ ನಾನು ತಿರುಗಿ ನೋಡದೆ ಓಡಿದೆ. ನನಗೂ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ. ನಿಂತಿದ್ದರೆ ಜಗಳವೇ ಆಗುತ್ತಿತ್ತು.

ನಾನು ಬಸ್ ಡ್ರೈವರ್ ಆಗಿದ್ದವನು. ಕೂತೇ ದುಡಿದೆ, ಕೂತೇ ಸಕ್ಕರೆ ಕಾಯಿಲೆ ತಂದುಕೊಂಡೆ. ನಿವೃತ್ತನಾದ ವರ್ಷವೇ ಹೆಂಡತಿ ಹೋದಳು. ಮಕ್ಕಳಿಲ್ಲ. ಡಾಕ್ಟರು ಬಿರುಸಾಗಿ ನಡೆಯಿರಿ ಅಂದಿದ್ದರು, ಓಡಿರಿ ಅಂದಿರಲಿಲ್ಲ. ಆದರೆ ನಡೆದರೆ ತಲೆ ಸುಮ್ಮನಿರುವುದಿಲ್ಲ. ನಡೆಯುವಾಗ ಮನೆಯ ಒಂದೇ ತಾಟು, ಒಂದೇ ಲೋಟ, ಹಾಸಿಗೆಯ ಅರ್ಧ ಭಾಗ ಎಲ್ಲಾ ಜೊತೆಗೆ ಬರುತ್ತವೆ. ಓಡಿದರೆ ಉಸಿರು ಹುಡುಕುವುದೇ ದೊಡ್ಡ ಕೆಲಸವಾಗುತ್ತದೆ, ಬೇರೆ ಯಾವುದಕ್ಕೂ ಪುರಸೊತ್ತಿರುವುದಿಲ್ಲ. ಅದಕ್ಕೇ ಓಡಿದೆ. ನನಗೆ ಅಗದಿ ಬೇಕಾಗಿದ್ದದ್ದು ಅದೇ.

ಗುಡಗೇರಿ ಸುತ್ತಲಿನ ನಮ್ಮ ನೆಲ ಎಂಥದ್ದು ಅಂದರೆ, ಕಣ್ಣು ಹಾಯಿಸಿದಷ್ಟೂ ಕರಿ ಎರೆಹೊಲ. ಗುಡ್ಡವಿಲ್ಲ, ಕಾಡಿಲ್ಲ. ನೋಡುವವರಿಗೂ ಮರೆಯಿಲ್ಲ, ನೋಡಿಸಿಕೊಳ್ಳುವವರಿಗೂ ಮರೆಯಿಲ್ಲ. ಎರಡು ಊರಿನಾಚೆ ಯಾರ ಟ್ರ್ಯಾಕ್ಟರ್ ನಿಂತಿದೆ ಅಂತ ಇಲ್ಲಿಂದಲೇ ಹೇಳಬಹುದು. ಇಂಥ ಬಯಲಿನಲ್ಲಿ ನಾನು ಮೂರು ಹಾದಿ ಗುರುತು ಮಾಡಿಕೊಂಡಿದ್ದೆ. ಒಂದು ಕುಂದಗೋಳದ ಡಾಂಬರು ರಸ್ತೆ. ಅಲ್ಲಿ ನಾಯಿಗಳ ಕಾಟ, ಅದಕ್ಕಿಂತ ಹೆಚ್ಚು ನನ್ನ ಹಳೆಯ ಜೊತೆಗಾರರ ಕಾಟ. ಬೇಕಂತಲೇ ಬೆನ್ನ ಹಿಂದೆ ಬಂದು ಹಾರ್ನ್ ಒತ್ತುತ್ತಿದ್ದರು. ಇನ್ನೊಂದು ರೈಲು ಹಳಿಯ ಬಾಜು ಸ್ಟೇಷನ್ ತನಕ ಹೋಗುವ ಕಾಲುದಾರಿ. ಅದು ನೆಟ್ಟಗಿದೆ, ಆದರೆ ಕಲ್ಲು ಜಾಸ್ತಿ. ರೈಲು ಬಂದಾಗ ಕಿಟಕಿಯಲ್ಲಿ ಸಾಲಾಗಿ ಮುಖಗಳು ಕಾಣುತ್ತವೆ, ಒಂದೂ ನಮ್ಮದಲ್ಲ. ಮೂರನೆಯದು ಊರ ಹಿಂದಿನಿಂದ ಹಳ್ಳಕ್ಕೆ ಎತ್ತಿನ ಗಾಡಿಗಳು ಇಳಿಯುವ ಚಕ್ಕಡಿ ಹಾದಿ.

ಈ ಚಕ್ಕಡಿ ಹಾದಿ ವರ್ಷದಲ್ಲಿ ಮೂರು ಸಲ ಬೇರೆಯಾಗುತ್ತದೆ. ಬೇಸಿಗೆಯಲ್ಲಿ ಎರೆ ಬಿರಿದು ಹಿಮ್ಮಡಿ ಇಳಿಯುವಂಥ ಬಾಯಿ ಬಿಡುತ್ತದೆ, ನೆಲ ನೋಡಿಕೊಂಡೇ ಓಡಬೇಕು. ಮೊದಲ ಮಳೆ ಬಿದ್ದರೆ ಬೂಟಿಗೆ ಮಣ್ಣು ಹತ್ತಿ ಹತ್ತಿ ಒಂದೊಂದು ಕಾಲಿಗೆ ಒಂದೊಂದು ರುಬ್ಬುಗುಂಡು ಕಟ್ಟಿದ ಹಾಗಾಗುತ್ತದೆ; ಓಡುವುದಿರಲಿ, ನಡೆಯಲೂ ಆಗುವುದಿಲ್ಲ. ಹಿಂಗಾರಿಯಲ್ಲಿ ಎರಡೂ ಬಾಜು ಕಡಲೆ, ಕುಸುಬಿ. ಕುಸುಬಿಯ ಮುಳ್ಳು ಕಾಲು ಗೀರುತ್ತದೆ, ಕಡಲೆಯ ಹುಳಿ ಇಬ್ಬನಿ ಆ ಗೀರಿನ ಮೇಲೆ ಬಿದ್ದು ಚುರುಚುರು ಅನ್ನುತ್ತದೆ. ಮನೆಗೆ ಬಂದು ನೀರು ಹಾಕಿಕೊಂಡಾಗ ಉರಿಯುತ್ತದಲ್ಲ, ಆಗ ಅನಿಸುತ್ತಿತ್ತು: ಇವತ್ತು ಯಾರಾದರೂ ನನ್ನನ್ನು ಮುಟ್ಟಿದ್ದರೆ ಈ ಕುಸುಬಿ ಗಿಡ ಒಂದೇ. ಅಷ್ಟು ಒಂಟಿತನ ಆಗ.

ಆ ಹಾದಿಗೆ ಮೊದಲ ಸಲ ಇಳಿದದ್ದು ಶ್ರಾವಣದ ಒಂದು ಒಣ ಮುಂಜಾನೆ. ಹಾದಿಯ ನಡುವೆ ಒಂದು ಬನ್ನಿಗಿಡ ಇದೆ. ಅಲ್ಲಿಂದ ಹಳ್ಳದವರೆಗೆ ಎಡಕ್ಕೆ ಒಂದೇ ಹೊಲ, ಹೊಲದಲ್ಲಿ ಒಂದು ತಗಡಿನ ಮನೆ, ಮನೆಯ ಮುಂದೆ ಒಂದು ಎಮ್ಮೆ. ಮೆಣಸಿನಗಿಡದ ಸಾಲಿನಲ್ಲಿ ಒಬ್ಬ ಹೆಂಗಸು ಕೂತು ಕಳೆ ತೆಗೆಯುತ್ತಿದ್ದಳು. ನನಗಿಂತ ನಾಲ್ಕೈದು ವರ್ಷ ದೊಡ್ಡವಳಿರಬಹುದು. ನಾನು ಓಡಿ ಬರುವುದನ್ನು ನೋಡಿದವಳೇ ಕೈಯಲ್ಲಿದ್ದ ಕುರ್ಪಿ ಬಿಟ್ಟು ಎದ್ದು ನಿಂತಳು. ಹತ್ತಿರವಾಗುತ್ತಿದ್ದಂತೆ ಮುಖ ಕಂಡಿತು. ಆ ಮುಖ ನೋಡಿ ನನ್ನ ಕಾಲು ತಾವಾಗಿಯೇ ನಿಂತವು. ಆಕೆ ಸೆರಗನ್ನು ಬಾಯಿಗೆ ಒತ್ತಿಕೊಂಡಿದ್ದಳು.

“ಯಾರ್ ಹೋದ್ರೋ ತಮ್ಮಾ?” ಅಂದಳು.

ಯಾರೂ ಹೋಗಿಲ್ಲ, ಸುಮ್ಮನೆ ಓಡುತ್ತಿದ್ದೇನೆ ಅಂದೆ. ಸುಮ್ಮನೆ ಯಾರಾದರೂ ಓಡುತ್ತಾರೇನು ಅಂತ ನಂಬಲಿಲ್ಲ. ಸಕ್ಕರೆ ಕಾಯಿಲೆ ಅಂದೆ, ಡಾಕ್ಟರು ಅಂದೆ. ಎರಡು ಮೂರು ಸಲ ಹೇಳಿದ ಮೇಲೆ ಅಲ್ಲೇ ಬದುವಿನ ಮೇಲೆ ಕುಸಿದು ಕೂತಳು. ಆಮೇಲೆ ಬೈದಳು ನೋಡಿ, ನನ್ನ ಸರ್ವಿಸಿನಲ್ಲಿ ಯಾವ ಪ್ಯಾಸೆಂಜರನೂ ಹಾಗೆ ಬೈದಿರಲಿಲ್ಲ. ಮುದುಕನಾಗಿದ್ದೀ, ಚಡ್ಡಿ ಹಾಕಿಕೊಂಡು ಮಂದಿಯ ಜೀವ ತೆಗೆಯಲು ಹೊರಟಿದ್ದೀ ಅಂದಳು. ನಾನೂ ಸುಮ್ಮನಿರುವವನಲ್ಲ, ಹಾದಿ ನಿಮ್ಮಪ್ಪನದೇನು ಅಂತ ಬಾಯಿಗೆ ಬಂದಿತ್ತು. ಆದರೆ ಆಕೆ ಇನ್ನೂ ಬದುವಿನಿಂದ ಎದ್ದಿರಲಿಲ್ಲ, ಅದನ್ನು ನೋಡಿ ನುಂಗಿಕೊಂಡೆ.

ಮರುದಿನ ಬನ್ನಿಗಿಡದ ಹತ್ತಿರ ನನ್ನಷ್ಟಕ್ಕೇ ನಡಿಗೆಗೆ ಇಳಿದೆ. ಶಾಲೆಯ ಮುಂದೆ ಗೇರ್ ಇಳಿಸಿ ಹೋಗುವುದು ರೂಢಿಯಾದವನಿಗೆ ಅದೇನು ಕಷ್ಟವಲ್ಲ. ಆಕೆ ದೂರದಿಂದ ನೋಡಿ ಮತ್ತೆ ಕಳೆಗೆ ಕೂತಳು. ಮೂರನೆಯ ದಿನ ತಾನಾಗಿ ಕರೆದು, ಒದ್ದೆ ಗೋಣಿ ಸುತ್ತಿದ ಕೊಡದಿಂದ ತಂಬಿಗೆ ನೀರು ಕೊಟ್ಟಳು. ನಿಂತು ಕುಡಿದೆ. ಆಗ ಹೇಳಿದಳು.

ಆಕೆಯ ಗಂಡ ಗುಡಗೇರಿ ಸಂತೆಗೆ ಹೋದವನು ಅಲ್ಲೇ ಎದೆ ಹಿಡಿದುಕೊಂಡು ಬಿದ್ದನಂತೆ. ಮೊಬೈಲು ಇಲ್ಲದ ಕಾಲ. ಊರಿನವನೊಬ್ಬ ಇದೇ ಚಕ್ಕಡಿ ಹಾದಿಯಲ್ಲಿ ಓಡಿಕೊಂಡು ಬಂದ. ಒಂದು ಕೈಯಲ್ಲಿ ಧೋತರ ಎತ್ತಿ ಹಿಡಿದು ಅವನು ಓಡುವ ಪರಿ ನೋಡಿ ಈಕೆಗೆ ನಗು ಬಂತು. ಎತ್ತು ಬಿಚ್ಚಿಕೊಂಡು ಹೋಯಿತೇನು ಅಂತ ಕೇಳಿ ನಕ್ಕಳು ಕೂಡ. ಬಾಯಾರಿರಬೇಕೆಂದು ತಂಬಿಗೆ ಮುಂದೆ ಹಿಡಿದಳು. ಅವನು ಮುಖ ತಿರುಗಿಸಿ, ಒಲ್ಲೆ ಅಂದ. ಅಷ್ಟಕ್ಕೇ ತಿಳಿಯಿತಂತೆ. ಸಾವಿನ ಸುದ್ದಿ ತಂದವನು ಆ ಮನೆಯ ನೀರು ಮುಟ್ಟುವುದಿಲ್ಲ. ನಮ್ಮ ಕಡೆ ಇದನ್ನು ಯಾರೂ ಯಾರಿಗೂ ಕಲಿಸುವುದಿಲ್ಲ, ಎಲ್ಲರಿಗೂ ಗೊತ್ತಿರುತ್ತದೆ.

“ನಕ್ಕಿದ್ನಲ್ಲೋ ತಮ್ಮಾ, ಅದನ್ನ ಮರೀವಲ್ಲೆ,” ಅಂದಳು. ಓಡುವವರನ್ನು ಕಂಡರೆ ಇವತ್ತಿಗೂ ಕೈಯಲ್ಲಿದ್ದದ್ದು ಬಿಟ್ಟು ಎದ್ದು ನಿಲ್ಲುತ್ತೇನೆ ಅಂದಳು.

ಹೆದರಲು ಆಕೆಗೆ ಈಗಲೂ ಕಾರಣವಿತ್ತು. ಒಬ್ಬಳೇ ಮಗಳು, ಅಳ್ನಾವರಕ್ಕೆ ಕೊಟ್ಟಿತ್ತು. ಮಗಳಿಗೆ ಮಕ್ಕಳಿಲ್ಲ. ಕಿಡ್ನಿ ಎರಡೂ ಕೆಟ್ಟು, ವಾರಕ್ಕೆ ಎರಡು ಸಲ ಧಾರವಾಡಕ್ಕೆ ಹೋಗಿ ರಕ್ತ ಶುದ್ಧಿ ಮಾಡಿಸಿಕೊಂಡು ಬರಬೇಕಿತ್ತು. ಅಲ್ಲೇ ಹೋಗಿ ಇರಬಾರದೇ ಅಂತ ಕೇಳಿದೆ. ಬೀಗರ ಮನೆಯಲ್ಲಿ ಎಷ್ಟು ದಿನ ಕೂತು ಉಣ್ಣುವುದು ಅಂದಳು. ತಿಂಗಳಿಗೊಮ್ಮೆ ಹೋಗಿ ಎರಡು ದಿನ ಇದ್ದು ಬರುತ್ತಿದ್ದಳು. ತಗಡಿನ ಮನೆ ಹಳ್ಳದ ತಗ್ಗಿನಲ್ಲಿ ಇದ್ದದ್ದರಿಂದ ಅಲ್ಲಿ ಫೋನಿಗೆ ರೇಂಜ್ ಬರುತ್ತಿರಲಿಲ್ಲ. ಫೋನು ಊರೊಳಗೆ ಮೈದುನನ ಮಗನ ಹತ್ತಿರ ಇರುತ್ತಿತ್ತು. ಅಳ್ನಾವರದಿಂದ ಏನೇ ಸುದ್ದಿ ಬಂದರೂ ಅವನಿಗೆ ಬರಬೇಕು, ಅವನು ಬಿಡುವಾದಾಗ ಹೊಲಕ್ಕೆ ಬಂದು ಹೇಳಬೇಕು. ಟ್ರ್ಯಾಕ್ಟರ್ ಬಾಡಿಗೆಗೆ ಓಡಿಸುವ ಅವನಿಗೆ ಬಿಡುವು ಆಗುತ್ತಿದ್ದದ್ದು ಅಷ್ಟರಲ್ಲೇ ಇತ್ತು.

ಹಾಗಾಗಿ ಆ ಕೆಲಸ ನನ್ನ ಕೊರಳಿಗೆ ಬಿತ್ತು. ನಾನೇ ಹಾಕಿಕೊಂಡೆ ಅನ್ನಿ. ಮುಂಜಾನೆ ಮೈದುನನ ಮಗನ ಬಾಗಿಲ ಮುಂದೆ ನಿಂತು ಫೋನ್ ಬಂತೇನು ಅಂತ ಕೇಳುವುದು, ಅವನು ಹಲ್ಲುಜ್ಜುತ್ತಾ ಆರಾಮ ಅದಾಳಂತರಿ ಕಾಕಾ ಅನ್ನುವುದು. ಅಲ್ಲಿಂದ ಓಟ. ಬನ್ನಿಗಿಡ ಬಂದ ಕೂಡಲೇ ನಡಿಗೆ. ಆಕೆ ತಂಬಿಗೆ ಹಿಡಿದು ಬದುವಿಗೆ ಬರುತ್ತಿದ್ದಳು. ನಾನು ಬಾಯಿ ಬಿಡುವ ಮೊದಲೇ ತಂಬಿಗೆ ಮುಂದಕ್ಕೆ ಬರುತ್ತಿತ್ತು. ಮೊದಮೊದಲು ನನಗದು ಬರೀ ಆದರ ಅನಿಸಿತ್ತು. ಆಮೇಲೆ ಗಮನಿಸಿದೆ: ಆಕೆ ನನ್ನ ಮುಖ ನೋಡುತ್ತಿರಲಿಲ್ಲ, ಗಂಟಲು ನೋಡುತ್ತಿದ್ದಳು. ನೀರು ಇಳಿಯಿತೆಂದರೆ ಮಗಳು ಇದ್ದಾಳೆ. ಅದಾದ ಮೇಲೆಯೇ ಆಕೆಗೆ ಮಾತು ಬರುತ್ತಿತ್ತು. ನಾನು ಹೇಳುವ ಸುದ್ದಿ ಆಮೇಲಿನದು.

ಇದು ತಿಳಿದ ದಿನ ನನಗೆ ಸ್ವಲ್ಪ ಬೇಜಾರಾಯಿತು, ಸುಳ್ಳೇಕೆ ಹೇಳಲಿ. ನನಗಾಗಿ ಕಾಯುತ್ತಾಳೆ ಅಂದುಕೊಂಡಿದ್ದೆ. ಆದರೆ ಬೇಜಾರು ಎರಡು ದಿನ ಇತ್ತು, ಅಷ್ಟೇ. ಯಾಕಾಗಿಯೇ ಆಗಲಿ, ಒಂದು ಜೀವ ದಿನಾ ಬದುವಿಗೆ ಬಂದು ನನ್ನ ದಾರಿ ನೋಡುತ್ತಿತ್ತು. ಹೆಂಡತಿ ಹೋದ ಮೇಲೆ ನಾನು ಬರುವ ಹೊತ್ತನ್ನು ನೆನಪಿಟ್ಟವರು ಬೇರೆ ಯಾರೂ ಇರಲಿಲ್ಲ. ಉಳಿದೆರಡು ಹಾದಿ ಬಿಟ್ಟೇಬಿಟ್ಟೆ. ಜ್ವರ ಬಂದ ದಿನವೂ ನಡೆದುಕೊಂಡೇ ಹೋಗಿ ನೀರು ಕುಡಿದು ಬಂದೆ. ಹೋಗದಿದ್ದರೆ ಆಕೆ ಏನು ತಿಳಿದುಕೊಳ್ಳುತ್ತಾಳೋ ಅನ್ನುವ ಹೆದರಿಕೆ.

ಮಾತೇನೂ ದೊಡ್ಡದಿರುತ್ತಿರಲಿಲ್ಲ. ಎಮ್ಮೆ ಹಾಲು ಕಡಿಮೆ ಮಾಡಿದೆ, ರಾತ್ರಿ ಚಿಗರಿ ಹಿಂಡು ಬಂದು ಕಡಲೆ ಕುಡಿ ಮೇಯ್ದು ಹೋಗಿದೆ, ನಿನ್ನೆ ಏನು ಉಂಡಿ. ನಿನ್ನೆಯೂ ಅನ್ನ ಸಾರೇ ಅಂದರೆ ಹಣೆ ಬಡಿದುಕೊಳ್ಳುತ್ತಿದ್ದಳು. ಸಕ್ಕರೆ ಇದ್ದವನು ಅನ್ನ ತಿಂದು ಓಡಿದರೇನು ಬಂತು, ಸೋರುವ ಕೊಡಕ್ಕೆ ನೀರು ಹಾಕಿದ ಹಾಗೆ ಅಂತ ಬೈದು, ಜೋಳದ ಕಟಿ ರೊಟ್ಟಿ ಮತ್ತು ಶೇಂಗಾ ಚಟ್ನಿ ಕಟ್ಟಿಕೊಡುತ್ತಿದ್ದಳು. ಆ ಗಂಟನ್ನು ಕೈಯಲ್ಲಿ ಹಿಡಿದು ಓಡುವ ನನ್ನನ್ನು ಕಂಡು ಕಟ್ಟೆಯವರು ಮತ್ತೊಂದಿಷ್ಟು ನಗುತ್ತಿದ್ದರು. ನಗಲಿ. ನನ್ನ ಮಟ್ಟಿಗೆ ಇಡೀ ಹಾದಿಯಲ್ಲಿ ಬನ್ನಿಗಿಡದಿಂದ ಹಳ್ಳದ ತನಕದ ನಡಿಗೆಯೇ ಮುಖ್ಯವಾಗಿತ್ತು, ಉಳಿದ ಓಟವೆಲ್ಲ ಅಲ್ಲಿಗೆ ಹೋಗಲು ಮತ್ತು ಅಲ್ಲಿಂದ ಬರಲು.

ಒಂದು ವರ್ಷ ಹೀಗೇ ನಡೆಯಿತು. ಮರುವರ್ಷ ಚಿತ್ತಿ ಮಳೆ ಜೋರಾಗಿ ಹಿಡಿಯಿತು. ಒಂದು ಸಂಜೆ ಸುರಿದ ಮಳೆಗೆ ಹಾದಿಯೆಲ್ಲ ಕೆಸರಾಗಿತ್ತು. ಮರುದಿನ ಮುಂಜಾನೆ, ಇವತ್ತು ಓಡಲಾಗುವುದಿಲ್ಲ, ನಡೆದೇ ಹೋಗಬೇಕು ಅಂತ ನಾನು ಹಳೆಯ ಬೂಟು ಹುಡುಕುತ್ತಿದ್ದೆ. ಮೈದುನನ ಮಗ ಬಾಗಿಲಿಗೆ ಬಂದ. ದಿನಾ ನಾನು ಅವನ ಬಾಗಿಲಿಗೆ ಹೋಗುತ್ತಿದ್ದೆ, ಅವನು ನನ್ನ ಬಾಗಿಲಿಗೆ ಬಂದದ್ದು ಅದೇ ಮೊದಲು. ಹಿಂದೆ ಊರಿನ ಹಿರಿಯರಿಬ್ಬರು ನಿಂತಿದ್ದರು. ನಸುಕಿನಲ್ಲಿ ಮಗಳು ತೀರಿಕೊಂಡಿದ್ದಳು.

ಹೋಗಿ ಹೇಳಬೇಕಾದವನು ಅವನೇ. ಆದರೆ ಕೆಸರಿನಲ್ಲಿ ಬೈಕ್ ಹೋಗುವುದಿಲ್ಲ, ಅಳ್ನಾವರಕ್ಕೆ ಜೀಪು ಗೊತ್ತು ಮಾಡಬೇಕು, ನೆಂಟರಿಗೆ ತಿಳಿಸಬೇಕು ಅಂದ. ಹಿರಿಯರು ಹೇಳಿದ್ದು ಬೇರೆ. ಇವನು ಹೊತ್ತಲ್ಲದ ಹೊತ್ತಿನಲ್ಲಿ ಹೋದರೆ ಆಕೆ ನೋಡಿದ ಕೂಡಲೇ ಎದೆ ಒಡೆದುಕೊಳ್ಳುತ್ತಾಳೆ, ನೀನು ದಿನಾ ಹೋಗುವವನು, ನಿನ್ನ ಮೇಲೆ ಸಂಶಯ ಬರುವುದಿಲ್ಲ ಅಂದರು. ಸತ್ತಳು ಅನ್ನಬೇಡ. ಸೀರಿಯಸ್ ಅಂತೆ, ನೋಡಿಕೊಂಡು ಬರೋಣ ನಡಿ ಅಂತ ಹೇಳಿ ಕರೆದುಕೊಂಡು ಬಾ. ಅಲ್ಲಿಗೆ ಮುಟ್ಟಿದ ಮೇಲೆ ತಾನೇ ತಿಳಿಯುತ್ತದೆ. ನಮ್ಮ ಕಡೆ ಹೆತ್ತವರಿಗೆ ಹೀಗೇ ಹೇಳುವುದು, ಅದರಲ್ಲಿ ತಪ್ಪೇನೂ ಇಲ್ಲ. ಆದರೂ ನನಗೆ ಮೈಯೆಲ್ಲ ಉರಿಯಿತು. ಇಷ್ಟು ದಿನ ಹುಚ್ಚನ ಓಟ ಅಂತ ನಕ್ಕವರಿಗೆ ಈಗ ಅದು ಉಪಯೋಗಕ್ಕೆ ಬಂತು. ಒಲ್ಲೆ ಅನ್ನಬೇಕೆನಿಸಿತು. ಆದರೆ ನಾನು ಹೋಗದಿದ್ದರೆ ಆಕೆ ಬದುವಿನ ಮೇಲೆ ನಿಂತೇ ಇರುತ್ತಾಳೆ. ಹೊರಟೆ.

ಎರೆ ಬೂಟಿಗೆ ಹತ್ತಿತು. ಬಿಚ್ಚಿ ಕೈಯಲ್ಲಿ ಹಿಡಿದೆ. ಬರಿಗಾಲಿನಲ್ಲಿ ಜಾರುತ್ತಾ, ಬೇಲಿಯ ಜಾಲಿ ಹಿಡಿದುಕೊಳ್ಳುತ್ತಾ ಹೋಗುವಾಗ ತಲೆಯಲ್ಲಿ ಒಂದೇ ಮಾತು. ಸೀರಿಯಸ್ ಅಂತ ಹೇಳಬಹುದು, ನಾಲಿಗೆಗೆ ಅದು ಕಷ್ಟವಲ್ಲ. ಆದರೆ ಮೊದಲು ತಂಬಿಗೆ ಬರುತ್ತದಲ್ಲ, ಅದಕ್ಕೇನು ಮಾಡಲಿ? ಕುಡಿದರೆ ಆಕೆ ಮಗಳು ಇದ್ದಾಳೆಂದು ನಂಬಿ ಜೀಪು ಹತ್ತುತ್ತಾಳೆ. ಅಳ್ನಾವರದ ತನಕ ದೇವರಿಗೆ ಹರಕೆ ಹೊರುತ್ತಾ ಹೋಗುತ್ತಾಳೆ. ನನಗೆ ಇಂಥ ಶಾಸ್ತ್ರಗಳಲ್ಲಿ ನಂಬಿಕೆಯಿಲ್ಲ. ಹೆಂಡತಿ ಸತ್ತಾಗ ಹದಿಮೂರು ದಿನದ ಕೆಲವು ಶಾಸ್ತ್ರಗಳನ್ನು ಮಾಡದೆ ಬಿಟ್ಟು ಬೈಸಿಕೊಂಡವನು ನಾನು. ನೀರು ನೀರೇ, ಕುಡಿದುಬಿಡೋಣ ಅಂತ ಬನ್ನಿಗಿಡದ ತನಕ ನನಗೆ ನಾನೇ ಹೇಳಿಕೊಂಡೆ.

ಆಕೆ ಬದುವಿನ ಮೇಲೆಯೇ ಇದ್ದಳು. ಇಂಥ ಕೆಸರಿನಲ್ಲೂ ಬಂದೆಯಲ್ಲ, ನಿನ್ನ ಹುಚ್ಚಿಗೆ ಮದ್ದಿಲ್ಲ ಅಂತ ದೂರದಿಂದಲೇ ಅಂದಳು. ಕೈಯಲ್ಲಿ ಬೂಟು ಹಿಡಿದ ನನ್ನ ಅವತಾರ ನೋಡಿ ನಕ್ಕಳು. ಆ ನಗು ಕಂಡು ನನ್ನ ಜೀವ ಹೋಯಿತು. ನಗಬೇಡ ಅಕ್ಕಾ, ಈ ನಗುವನ್ನೂ ನೀನು ಮರೆಯುವುದಿಲ್ಲ ಅಂತ ಕೂಗಬೇಕೆನಿಸಿತು. ಆಕೆ ತಂಬಿಗೆ ಮುಂದೆ ಹಿಡಿದಳು.

ನನ್ನ ಕೈ ಮೇಲೆ ಏಳಲಿಲ್ಲ. ನಂಬಿಕೆ ಇಲ್ಲದವನ ಕೈಯೂ ಏಳುವುದಿಲ್ಲ ಅಂತ ಅವತ್ತು ತಿಳಿಯಿತು. ಆಕೆ ಇನ್ನಷ್ಟು ಹತ್ತಿರ ಹಿಡಿದಳು.

“ಒಲ್ಲೆ ಅಕ್ಕಾ,” ಅಂದೆ.

ತಂಬಿಗೆ ಆಕೆಯ ಕೈಯಲ್ಲೇ ಉಳಿಯಿತು. ನಗು ಮುಖದ ಮೇಲೆ ಇನ್ನೂ ಇತ್ತು, ಅದನ್ನು ತೆಗೆಯುವುದು ಆಕೆಗೆ ನೆನಪಾಗಲಿಲ್ಲ. ಆಮೇಲೆ ಬಗ್ಗಿ ತಂಬಿಗೆಯನ್ನು ಬದುವಿನ ಮೇಲೆ ಇಟ್ಟಳು, ಚೆಲ್ಲದ ಹಾಗೆ. ಯಾವಾಗ ಅಂತ ಕೇಳಿದಳು. ನಸುಕಿನಲ್ಲಿ ಅಂದೆ. ಸೀರಿಯಸ್ ಅನ್ನುವ ಮಾತು ನನ್ನ ಬಾಯಿಂದ ಹೊರಡಲೇ ಇಲ್ಲ. ಆಕೆ ಅಳಲಿಲ್ಲ. ತಗಡಿನ ಮನೆಗೆ ಹೋಗಿ ಕರುವನ್ನು ಬಿಚ್ಚಿ ಎಮ್ಮೆಗೆ ಬಿಟ್ಟಳು, ಹಾಲು ಅದೇ ಕುಡಿಯಲಿ ಅಂತ. ಬಾಗಿಲಿಗೆ ಚಿಲಕ ಹಾಕಿ, ಚಪ್ಪಲಿ ಕೈಯಲ್ಲಿ ಹಿಡಿದು ನನ್ನ ಮುಂದೆ ನಡೆದಳು. ಆ ಕೆಸರಿನಲ್ಲಿ ಆಕೆಯ ಹಿಂದೆ ಹೋಗುವುದೇ ನನಗೆ ಕಷ್ಟವಾಯಿತು. ಜೀಪು ಹತ್ತುವಾಗ ಹೋಗಿ ಬಾ ಅನ್ನಲಿಲ್ಲ ನಾನು, ಸಾವಿನ ಮನೆಗೆ ಹೋಗುವವರಿಗೆ ಹಾಗೆ ಅನ್ನಬಾರದು. ಹಿರಿಯರು ನನ್ನನ್ನು ಬೈದರು. ಬೈಸಿಕೊಂಡೆ.

ಆಕೆ ಅಳ್ನಾವರದಿಂದ ಬೇಗ ಬರಲಿಲ್ಲ. ಎಮ್ಮೆಯನ್ನು ಮೈದುನನ ಮಗ ಊರೊಳಗೆ ತಂದು ಕಟ್ಟಿದ. ಅವನೇ ಹೊಲಕ್ಕೆ ಕಡಲೆ ಬಿತ್ತಿದ. ನಾನು ಆ ಹಾದಿ ಬಿಟ್ಟು ರೈಲು ಹಳಿಯ ಬಾಜು ಓಡಲು ಹೋದೆ. ಸ್ಟೇಷನ್ ತನಕ ಹೋಗುವುದು, ಪ್ಲಾಟ್‌ಫಾರ್ಮಿನ ನಲ್ಲಿಯಲ್ಲಿ ಬೊಗಸೆಯೊಡ್ಡಿ ನೀರು ಕುಡಿಯುವುದು, ತಿರುಗಿ ಬರುವುದು. ಅಲ್ಲಿ ನಾನು ಕುಡಿದರೂ ಬಿಟ್ಟರೂ ಯಾರಿಗೂ ಏನೂ ಆಗುವುದಿಲ್ಲ. ಮನೆಗೆ ಬಂದು ಅನ್ನ ಸಾರು ಮಾಡಿ ಉಣ್ಣುತ್ತಿದ್ದೆ. ಕೆಲವು ದಿನ ಮುಂಜಾನೆಯಿಂದ ಸಂಜೆ ತನಕ ನನ್ನ ಬಾಯಿಂದ ಒಂದು ಮಾತೂ ಹೊರಡುತ್ತಿರಲಿಲ್ಲ. ಒಮ್ಮೆ ಸಂಜೆ ಸುಮ್ಮನೆ ಅಕ್ಕಾ ಅಂತ ಅಂದು ನೋಡಿದೆ, ದನಿ ಇದೆಯೋ ಇಲ್ಲವೋ ಅಂತ.

ಕಡಲೆ ಹಸಿರು ಕಾಯಿ ಕಟ್ಟಿ ಸುಲಗಾಯಿ ಆಗುವ ಹೊತ್ತಿಗೆ, ಎಮ್ಮೆ ಮತ್ತೆ ಹೊಲಕ್ಕೆ ಹೋಗಿದೆ ಅಂತ ಮೈದುನನ ಮಗ ಹೇಳಿದ. ಮರುದಿನ ಚಕ್ಕಡಿ ಹಾದಿ ಹಿಡಿದೆ. ತಗಡಿನ ಮನೆಯ ಮೇಲೆ ಹೊಗೆ ಕಂಡಿತು. ಬನ್ನಿಗಿಡ ಬಂದಿತು, ಕಾಲು ರೂಢಿಯಂತೆ ನಡಿಗೆಗೆ ಇಳಿದವು. ಆಕೆ ಬದುವಿನ ಮೇಲೆ ಇರಲಿಲ್ಲ. ಮನೆಯ ಮುಂದೆ ಎಮ್ಮೆಯ ಹತ್ತಿರ ಇದ್ದಳು. ಬಹಳ ಇಳಿದುಹೋಗಿದ್ದಳು. ನನ್ನನ್ನು ಕಂಡು ಕೈಯಲ್ಲಿದ್ದ ಮೇವಿನ ಕಣಿಕೆ ಅಲ್ಲೇ ಬಿಟ್ಟು ಬದುವಿನ ತನಕ ಬಂದಳು. ಕೈ ಬರಿದಾಗಿತ್ತು.

“ಇನ್ನ ಇಲ್ಲೆ ನಡಕೋತ ಬರಬ್ಯಾಡ ತಮ್ಮಾ,” ಅಂದಳು. “ಓಡ್ಕೋತ ಹೋಗು. ಹೆದರಾಕ ನನಗಿನ್ನ ಯಾರದಾರ?”

ಸಿಟ್ಟಿನಿಂದ ಅಂದದ್ದಲ್ಲ, ದುಃಖದಿಂದಲೂ ಅಲ್ಲ. ಹಾದಿ ದುರಸ್ತಿಯಾಗಿದೆ, ಇನ್ನು ಬಸ್ಸು ಬಿಡಬಹುದು ಅನ್ನುವ ಹಾಗೆ ಹೇಳಿದಳು. ಆಕೆ ಎಮ್ಮೆಯ ಕಡೆ ಹೊರಟಳು. ಓಡಿದರೆ ಹಳ್ಳ ಈಗ ಬರುತ್ತದೆ, ಹಳ್ಳ ದಾಟಿದರೆ ಮುಗಿಯಿತು. ನಾನು ನಿಂತೇ ಇದ್ದೆ.

“ಅಕ್ಕಾ,” ಅಂದೆ, “ನೀರು ಕೊಡು.”

ಆಕೆ ತಿರುಗಿ ನೋಡಿದಳು. ಒಳಗೆ ಹೋಗಿ, ತಂಬಿಗೆ ತೊಳೆದು, ನೀರು ತುಂಬಿಸಿಕೊಂಡು ಬಂದು ಕೊಟ್ಟಳು. ನಾನು ಕುಡಿದೆ. ಆಕೆ ನನ್ನ ಗಂಟಲು ನೋಡಲಿಲ್ಲ. ಎಲ್ಲಾ ಕುಡಿದು ಮುಗಿಯುವ ತನಕ ಹೊಲದ ಕಡೆ ನೋಡುತ್ತಾ ನಿಂತಿದ್ದಳು. ಆಮೇಲೆ ತಂಬಿಗೆ ಇಸಿದುಕೊಂಡು, ನಿನ್ನೆ ಏನು ಉಂಡಿ ಅಂತ ಕೇಳಿದಳು.